ಒಂಬತ್ತನೆಯ ಪುಟದ ಸೊಸೆಯರು

ಪದ್ಮವ್ವ ಮೇತ್ರಿಯ ಫೋಟೊ ಚೀನಾ ದೇಶದ ಸರಕಾರಿ ಪತ್ರಿಕೆಯೊಂದರ ಒಂಬತ್ತನೆಯ ಪುಟದಲ್ಲಿ ಅಚ್ಚಾಯಿತು. ಈಕೆ ಕೂದಲ ವ್ಯಾಪಾರಿ ವೀರಪ್ಪ ಹಂಚಿನಾಳರ ಮನೆತನದ ಸೊಸೆ ಎಂದು ಅದರ ಕೆಳಗೆ ಬರೆದಿತ್ತು. ಆ ಪುಟ ತೋರಿಸಿ ವೀರಪ್ಪ, ತನ್ನ ಶೆಡ್ಡಿನಲ್ಲಿ ಕೂಲಿಯವರೇ ಇಲ್ಲ, ಇರುವವರೆಲ್ಲ ಮನೆಮಂದಿ ಎಂದು ತಪಾಸಣೆಗೆ ಬಂದ ಅಧಿಕಾರಿಗೆ ಬರೆದುಕೊಟ್ಟ. ಅಧಿಕಾರಿ ಸಹಿ ಮಾಡಿದ. ಹನ್ನೊಂದು ವರ್ಷದಿಂದ ಅಲ್ಲಿ ದುಡಿಯುತ್ತಿದ್ದ ಹದಿನಾಲ್ಕು ಹೆಂಗಸರ ಹೆಸರು ಹಾಜರಿ ಪುಸ್ತಕದಿಂದ ಹೋಯಿತು. ಕೆಲಸ ಮಾತ್ರ ಹಾಗೆಯೇ ನಡೆಯಿತು.

ಶೆಡ್ಡು ಇರುವುದು ಮುನವಳ್ಳಿಯ ಹೊರಗೆ, ವೀರಪ್ಪನ ಮನೆಯ ಹಿತ್ತಲಿಗೆ ಅಂಟಿಕೊಂಡು. ಬೈಲಹೊಂಗಲ, ಕಿತ್ತೂರು, ರಾಮದುರ್ಗದ ಕಡೆಯಿಂದ ಬೈಕಿನವರು ಚೀಲ ಚೀಲ ಕೂದಲು ತಂದು ಅಲ್ಲಿ ಸುರಿಯುತ್ತಾರೆ. ಹೆಂಗಸರು ತಲೆ ಹಿಕ್ಕಿಕೊಂಡಾಗ ಹಣಿಗೆಗೆ ಬಂದ ಕೂದಲನ್ನು ಬೆರಳಿಗೆ ಸುತ್ತಿ, ಉಂಡಿ ಮಾಡಿ, ಗೋಡೆಯ ಸಂದಿಯಲ್ಲೋ ಜಂತಿಯ ಮೂಲೆಯಲ್ಲೋ ಸಿಕ್ಕಿಸಿಡುತ್ತಾರಲ್ಲ, ಅದೇ ಕೂದಲು. ವರ್ಷದ ಉಂಡಿಗಳನ್ನೆಲ್ಲ ಕೊಟ್ಟರೆ ಬೈಕಿನವನು ಒಂದು ಸ್ಟೀಲಿನ ಬಟ್ಟಲು ಕೊಡುತ್ತಾನೆ. ಆ ಉಂಡಿಯನ್ನು ದಬ್ಬಣದಿಂದ ಬಿಡಿಸಿ, ಧೂಳು ಕೊಡವಿ, ಬಿಳಿ ಕೂದಲು ಹೆಕ್ಕಿ ತೆಗೆದು, ಮೊಳೆ ಬಡಿದ ಹಲಗೆಯ ಮೇಲೆ ಎಳೆದೆಳೆದು ನೇರ ಮಾಡಿ, ಅಳತೆಗೆ ತಕ್ಕಂತೆ ಜುಟ್ಟು ಕಟ್ಟುವುದು ಶೆಡ್ಡಿನ ಕೆಲಸ. ಜುಟ್ಟುಗಳು ಚೀನಾಕ್ಕೆ ಹೋಗುತ್ತವೆ. ಅಲ್ಲಿ ಯಾರದೋ ತಲೆಗೆ ಟೋಪನ್ ಆಗುತ್ತವೆ.

ಪದ್ಮವ್ವನ ಕೈ ಈ ಕೆಲಸದಲ್ಲಿ ಪಳಗಿದ ಕೈ. ಉಂಡಿ ಹಿಡಿದ ಕೂಡಲೇ ಇದು ಕೊಬ್ಬರಿ ಎಣ್ಣೆಯ ತಲೆ, ಇದು ಬಾಣಂತಿಯ ತಲೆ, ಇದು ಜ್ವರ ಬಂದು ಉದುರಿದ್ದು ಎಂದು ಹೇಳಿಬಿಡುತ್ತಿದ್ದಳು. ಕೂದಲು ಎಳೆದು ಎಳೆದು ಅವಳ ಬೆರಳಿನ ಸಂದಿಗಳಲ್ಲಿ ದಾರದಂಥ ಸಣ್ಣ ಗೀರುಗಳು ಬಿದ್ದಿದ್ದವು. ಅನ್ನ ಕಲಸಿದಾಗ ಉಪ್ಪು ತಾಗಿ ಉರಿಯುತ್ತಿದ್ದವು.

ಧೂಳಿನ ಮಾತು ಬೇರೆ. ಆ ಧೂಳು ಮೊದಲು ಹಿಡಿದದ್ದು ದೇವಕ್ಕನನ್ನು. ದೇವಕ್ಕ ಪದ್ಮವ್ವನ ಓಣಿಯವಳೇ, ಶೆಡ್ಡಿನಲ್ಲಿ ಎಲ್ಲರಿಗಿಂತ ಹಿರಿಯಳು. ಎರಡು ವರ್ಷದಿಂದ ಅವಳಿಗೆ ಕೆಮ್ಮು. ಒಮ್ಮೆ ಶುರುವಾದರೆ ಕಣ್ಣಲ್ಲಿ ನೀರು ಬಂದು, ಗೋಡೆ ಹಿಡಿದು ನಿಂತುಕೊಳ್ಳಬೇಕು. ಹತ್ತು ಇಲ್ಲವೆ ಹೆಚ್ಚು ಕೂಲಿಯವರು ಇದ್ದಲ್ಲಿ ಮಾಲೀಕ ವಿಮೆಯ ಕಾರ್ಡು ಮಾಡಿಸಿಕೊಡಬೇಕು, ಕಾರ್ಡಿದ್ದರೆ ದವಾಖಾನೆಯಲ್ಲಿ ಎದೆಯ ಫೋಟೊದಿಂದ ಔಷಧದವರೆಗೆ ಎಲ್ಲ ಸಿಗುತ್ತದೆ ಎಂದು ಪತ್ತೆ ಮಾಡಿ ಅರ್ಜಿ ಬರೆದವನು ಪದ್ಮವ್ವನ ತಮ್ಮ ಭೀಮಶಿ. ಆ ಅರ್ಜಿಯ ಮೇಲೆಯೇ ಅಧಿಕಾರಿ ಬಂದದ್ದು. ಬಂದವನು ಹೆಂಗಸರನ್ನು ಒಂದು ಮಾತು ಕೇಳಲಿಲ್ಲ. ವೀರಪ್ಪನ ಕಚೇರಿಯ ಗೋಡೆಯ ಮೇಲಿದ್ದ ಕಟ್ಟು ಹಾಕಿಸಿದ ಚೀನಿ ಪತ್ರಿಕೆಯ ಪುಟ ನೋಡಿದ, ಅದರ ಇಂಗ್ಲಿಷ್ ತರ್ಜುಮೆ ನೋಡಿದ, ಚಹಾ ಕುಡಿದು ಹೋದ.

ವೀರಪ್ಪ ಸುಳ್ಳು ಬರೆಸಿದ್ದಾನೆ ಎಂದು ಹೆಂಗಸರೆಲ್ಲ ಅಂದುಕೊಂಡರು. ರೊಕ್ಕ ಕೊಟ್ಟರೆ ಪತ್ರಿಕೆಯವರು ಯಾವ ದೇಶದವರಾದರೂ ಬರೆಯುತ್ತಾರೆ ಎಂದು ಮರೆವ್ವ ಬೈದಳು. ಪದ್ಮವ್ವನೂ ಹಾಗೆಯೇ ಅಂದುಕೊಂಡಳು. ಒಂದು ತಿಂಗಳು ಹಾಗೆಯೇ ಅಂದುಕೊಂಡಿದ್ದಳು.

ಆ ಪತ್ರಿಕೆಯ ಮೂರು ಪ್ರತಿ ವೀರಪ್ಪನಿಗೆ ಅಂಚೆಯಲ್ಲಿ ಬಂದಿದ್ದವು. ಒಂದು ಗೋಡೆಗೆ ಹೋಯಿತು, ಒಂದು ಫೈಲಿಗೆ. ಮೂರನೆಯದು ಅಡಿಗೆಮನೆಗೆ. ವೀರಪ್ಪನ ಹೆಂಡತಿ ರಾಚವ್ವ ಆಗಾಗ ಉಳಿದ ರೊಟ್ಟಿಗಳನ್ನು ಪೇಪರಿನಲ್ಲಿ ಸುತ್ತಿ, ಹಿತ್ತಲ ಬಾಗಿಲ ಹೊಸ್ತಿಲ ಮೇಲಿಟ್ಟು, ಒಯ್ಯಿರೆಂದು ಶೆಡ್ಡಿನ ಕಡೆಗೆ ಕೂಗುತ್ತಿದ್ದಳು. ತಿಳಿದು ಮಾಡಿದಳೋ, ಕೈಗೆ ಸಿಕ್ಕಿದ್ದು ತೆಗೆದುಕೊಂಡಳೋ, ಒಂದು ಶನಿವಾರ ಪದ್ಮವ್ವ ಮನೆಗೆ ಹೋಗಿ ಗಂಟು ಬಿಚ್ಚಿದರೆ ರೊಟ್ಟಿಯ ಕೆಳಗೆ ಅವಳದೇ ಮುಖ. ಕೂದಲಿನ ಜುಟ್ಟು ಎತ್ತಿ ಹಿಡಿದು ನಗುತ್ತಿದ್ದ ಮುಖ. ಸುತ್ತ ಇರುವೆ ಸಾಲಿನಂತೆ ಚೀನಿ ಅಕ್ಷರ.

ಮರುದಿನ ರವಿವಾರ. ಅವರ ಓಣಿಯ ಬುದ್ಧವಿಹಾರ ಎಂದರೆ ಹಂಚು ಹೊದಿಸಿದ ಒಂದೇ ಕೋಣೆ. ಅಲ್ಲಿ ಪ್ರತಿ ರವಿವಾರ ಭೀಮಶಿ ಓದಿನ ಬಳಗ ನಡೆಸುತ್ತಿದ್ದ. ವಾರವೆಲ್ಲ ಬೇರೆಯವರ ಅಂಗಿ ಹೊಲಿಯುವ ಟೇಲರ್, ಆ ದಿನ ಮಾತ್ರ ಮಿಷನ್ ಮುಚ್ಚುತ್ತಿದ್ದ. ಬಳಗದಲ್ಲಿ ಒಂದು ಕಟ್ಟಳೆ ಇತ್ತು: ಅಕ್ಷರ ಬಲ್ಲವರು ಒಂದು ಪ್ಯಾರಾ ಓದಬೇಕು, ಅಕ್ಷರ ಬಾರದವರು ಅದನ್ನು ತಮ್ಮ ಮಾತಿನಲ್ಲಿ ತಿರುಗಿ ಹೇಳಬೇಕು. ಹೇಳಿದ್ದು ಸರಿ ಅನಿಸಿದರೆ ಮಾತ್ರ ಮುಂದಿನ ಪ್ಯಾರಾ. ತಿರುಗಿ ಹೇಳುವುದರಲ್ಲಿ ಪದ್ಮವ್ವನ ಮುಂದೆ ಯಾರೂ ಇರಲಿಲ್ಲ. ಅಸ್ಪೃಶ್ಯತೆ ಅಳಿಸುವ, ಸಂವಿಧಾನದ ಹದಿನೇಳನೆಯ ಕಲಮನ್ನು ಅವಳು ಹೇಳಿದ ರೀತಿಯನ್ನು ಜನ ಇವತ್ತಿಗೂ ನೆನೆಯುತ್ತಾರೆ.

ಆ ದಿನ ಓದಿದ್ದು ಚೀನಿ ಪತ್ರಿಕೆ. ಭೀಮಶಿ ಎಣ್ಣೆ ಜಿಡ್ಡಿನ ಹಾಳೆಗಳನ್ನು ನೆಲಕ್ಕೆ ಹಾಸಿ ಮೇಲೆ ಫೋನು ಹಿಡಿದ. ಫೋನು ಅಕ್ಷರ ನುಂಗಿ ಸೊಟ್ಟ ಸೊಟ್ಟ ಕನ್ನಡ ಉಗುಳಿತು. ಮೊದಲ ಪುಟದಲ್ಲಿ ಯಾರೋ ಅಧಿಕಾರಿ ಯಾರಿಗೋ ಕೈ ಕುಲುಕಿದ್ದ. ಎರಡರಲ್ಲಿ ಉಕ್ಕು ಇಷ್ಟು ಟನ್, ರೈಲು ಇಷ್ಟು ಮೈಲು. ಐದರಲ್ಲಿ ಗೋದಿಯ ಬೆಳೆ, ಆರರಲ್ಲಿ ಬ್ಯಾಂಕು. ದುಡ್ಡಿನ ಸುದ್ದಿಗೆಂದೇ ಸರಕಾರ ಇಟ್ಟುಕೊಂಡ ಪತ್ರಿಕೆ ಅದು, ಅದರಲ್ಲಿ ಮಳೆಯೂ ಲೆಕ್ಕದಲ್ಲೇ ಬೀಳುತ್ತಿತ್ತು. ನಮ್ಮ ಜಿಲ್ಲಾ ಪುರವಣಿಯೇ ಚೀನಾಕ್ಕೆ ಹೋಗಿ ಬಂದಂತಿದೆ ಎಂದು ಯಾರೋ ನಕ್ಕರು. ಏಳನೆಯ ಪುಟದಲ್ಲಿ ಅಲ್ಲಿನ ಯಾವುದೋ ಹಳ್ಳಿಯ ಹೆಂಗಸರು ಬಟನ್ ಮಾಡುವ ಫೋಟೊ ಇತ್ತು. ಭೀಮಶಿ ಅದರ ಮೇಲೆ ಬಹಳ ಹೊತ್ತು ಫೋನು ಹಿಡಿದ. ಸುದ್ದಿಯೊಳಗೆ ಇದ್ದ ಹೆಸರು ಆ ಹಳ್ಳಿಯ ಕಾರ್ಯದರ್ಶಿಯದು, ಕಾರ್ಖಾನೆಯ ಮ್ಯಾನೇಜರನದು.

"ಅಲ್ಲೂ ಹಂಗ ಐತಲ್ಲೋ" ಎಂದಳು ಪದ್ಮವ್ವ. "ಕೈ ಹೆಂಗಸರ್ದು, ಹೆಸರು ಗಂಡಸರ್ದು."

ಆಮೇಲೆ ಒಂಬತ್ತನೆಯ ಪುಟ. ಫೋನು ಓದಿತು: ಭಾರತದ ದಕ್ಷಿಣದ ಒಂದು ಸಣ್ಣ ಪಟ್ಟಣದಲ್ಲಿ ಹಂಚಿನಾಳ ಎಂಬ ಮನೆತನದ ಹದಿನಾಲ್ಕು ಸೊಸೆಯರು ಒಂದೇ ಸೂರಿನಡಿ ಕುಳಿತು ಕೂದಲು ಬಿಡಿಸುತ್ತಾರೆ. ಇಲ್ಲಿ ಕೂಲಿಯಿಲ್ಲ, ಯಜಮಾನನಿಲ್ಲ. ಮನೆಯೇ ಕಾರ್ಖಾನೆ. ಹಿರಿಯ ಸೊಸೆ ಪದ್ಮವ್ವ ಹಂಚಿನಾಳ ತನ್ನ ಹೆಸರು ಹೇಳಿದ ಮೇಲೆ ಉಳಿದವರೂ ಒಬ್ಬೊಬ್ಬರಾಗಿ ಅದೇ ಮನೆತನದ ಹೆಸರನ್ನು ಹೆಮ್ಮೆಯಿಂದ ಹೇಳಿದರು. ಬಾಚಿದ ಕೂದಲನ್ನು ಎಸೆಯದೆ ಕೂಡಿಡುತ್ತಿದ್ದ ನನ್ನ ಅಜ್ಜಿ ನನಗೆ ಆಗ ನೆನಪಾದಳು.

ಕಟ್ಟಳೆಯ ಪ್ರಕಾರ ಎಲ್ಲರೂ ಪದ್ಮವ್ವನ ಕಡೆ ನೋಡಿದರು. ಅವಳು ಸೆರಗಿನಿಂದ ಬಾಯಿ ಒರೆಸಿಕೊಂಡಳು. ಮತ್ತೊಮ್ಮೆ ಒರೆಸಿಕೊಂಡಳು.

"ಸಾವಕಾರ ಸುಳ್ಳ ಬರಸಿಲ್ಲ" ಎಂದಳು ಕಡೆಗೆ. "ನಾ ಹೇಳಿದ್ದನ್ನ ಬರದಾರ."

ಹೇಳಿದ್ದು ಹೌದು. ಎರಡು ವರ್ಷದ ಹಿಂದಿನ ಶ್ರಾವಣದಲ್ಲಿ ಆ ಪತ್ರಿಕೆಯ ಹೆಣ್ಣುಮಗಳು ಬಂದಿದ್ದಳು. ಹೆಸರು ಲಿನ್. ಮುಂಬೈಯಲ್ಲಿ ಇದ್ದುಕೊಂಡು ತನ್ನ ದೇಶಕ್ಕೆ ಸುದ್ದಿ ಕಳಿಸುವವಳು. ಮೂವತ್ತರ ಆಸುಪಾಸು, ಗಂಡು ಹುಡುಗರಂಥ ಕ್ರಾಪು, ಬೆನ್ನಿಗೊಂದು ಚೀಲ. ಎರಡು ತಾಸಿನೊಳಗೆ ಹೆಂಗಸರು ಅವಳನ್ನು ಲಿನ್ ಬಾಯಿ ಮಾಡಿಬಿಟ್ಟಿದ್ದರು. ಚೀನಾಕ್ಕೆ ಬರುವ ಕೂದಲು ಯಾರ ಕೈಯಿಂದ ಬರುತ್ತದೆ ನೋಡಬೇಕು ಎಂದು ಅಷ್ಟು ದೂರ ಬಂದಿದ್ದಳು. ಬೆಳಗಾವಿಯಲ್ಲಿ ಕಲಿತು ಬಂದ ವೀರಪ್ಪನ ಅಣ್ಣನ ಮಗ ಗೌರೀಶ ನಡುವೆ ಕೂತು ಇಂಗ್ಲಿಷಿಗೂ ಕನ್ನಡಕ್ಕೂ ಮಾತು ದಾಟಿಸಿದ. ಲಿನ್ ಬಾಯಿ ಮೊದಲು ಪದ್ಮವ್ವನ ಮುಂದೆ ಕೂತು ಪೂರ್ತಿ ಹೆಸರು ಕೇಳಿದಳು.

ಪದ್ಮವ್ವನ ಬಾಯಿಗೆ ಬಂದದ್ದು ಪದ್ಮವ್ವ ಹಂಚಿನಾಳ.

ಅದನ್ನು ಅವಳು ಯೋಚಿಸಿ ಹೇಳಲಿಲ್ಲ. ಅವಳ ಅವ್ವ ಇದೇ ವೀರಪ್ಪನ ಅಪ್ಪನ ಹೊಲದಲ್ಲಿ ದುಡಿದವಳು. ಸಣ್ಣವಳಿದ್ದಾಗ ಸಂತೆಗೆ ಕಳಿಸುವಾಗ ಅವ್ವ ಗಲ್ಲ ಹಿಡಿದು ಹೇಳುತ್ತಿದ್ದಳು: "ಯಾರರ ತಡದ್ರ ನಮ್ಮ ಹೆಸರು ಹೇಳಬ್ಯಾಡ ಮಗಳ. ಸಾವಕಾರ್ರ ಹೆಸರು ಹೇಳು. ಹಾದಿ ಬಿಡ್ತಾರ." ಹಾದಿ ಬಿಡುತ್ತಿದ್ದರು. ಬಸ್ ಸ್ಟ್ಯಾಂಡಿನಲ್ಲಿ, ಪೊಲೀಸ್ ಚೌಕಿಯಲ್ಲಿ, ಹೆರಿಗೆಯ ದಿನ ದವಾಖಾನೆಯ ಬಾಗಿಲಲ್ಲಿ, ಎಲ್ಲಿಯೂ ಆ ಹೆಸರೇ ಅವಳಿಗೆ ಕೊಡೆ. ಮೇತ್ರಿ ಎಂದರೆ ಕೇಳಿದವರು ಮತ್ತೊಂದು ಪ್ರಶ್ನೆ ಕೇಳುತ್ತಿದ್ದರು, ಯಾವ ಓಣಿ ಎಂದು. ಆ ಪ್ರಶ್ನೆಯಾದ ಮೇಲೆ ಚಹಾದ ಗ್ಲಾಸು ಬೇರೆಯಾಗುತ್ತಿತ್ತು. ಓಣಿಯ ಹೆಂಗಸರೆಲ್ಲ ಹಾಗೆಯೇ ಬೆಳೆದವರು. ಅಪರಿಚಿತರು ಹೆಸರು ಕೇಳಿದರೆ ಆ ಮನೆತನದ ಹೆಸರು ತಾನಾಗಿ ನಾಲಗೆಗೆ ಬರುತ್ತಿತ್ತು, ಎಡವಿದಾಗ ಕೈ ತಾನಾಗಿ ಮುಂದೆ ಬಂದಹಾಗೆ. ಪದ್ಮವ್ವ ಹೇಳಿದ್ದೇ ತಡ, ಉಳಿದ ಹದಿಮೂರು ಜನ ಅದನ್ನೇ ಹೇಳಿದರು. ಗೌರೀಶ ಒಮ್ಮೆ ಕಾಕಾನ ಮುಖ ನೋಡಿದ್ದ. ವೀರಪ್ಪ ಅಡಿಕೆ ಕತ್ತರಿಸುತ್ತಲೇ ಇದ್ದ. ಗೌರೀಶ ಇದ್ದದ್ದನ್ನು ಇದ್ದಹಾಗೆ ದಾಟಿಸಿದ. ಲಿನ್ ಬಾಯಿಯ ಕಣ್ಣು ಅರಳಿತ್ತು. ಒಂದೇ ಮನೆಯ ಹದಿನಾಲ್ಕು ಹೆಂಗಸರು! ಹೇಳಿದವರು ಮಾತ್ರ ಅದನ್ನು ಅಂದೇ ಮರೆತಿದ್ದರು.

ರವಿವಾರದ ಈ ಸುದ್ದಿ ಶೆಡ್ಡಿಗೆ ತಲುಪಿದ ದಿನ ಮರೆವ್ವ ಪದ್ಮವ್ವನನ್ನು ಬಿಡಲಿಲ್ಲ. ಹಿರೇ ಸೊಸಿ ಇವತ್ತ್ಯಾಕ ತಡಾ ಮಾಡಿ ಬಂದಳು, ಅತ್ತಿ ಮನ್ಯಾಗ ಹೋಳಿಗಿ ಇತ್ತೇನು ಎಂದು ಕಾಡಿಸಿದಳು. ಎಲ್ಲರೂ ನಕ್ಕರು. ಹನ್ನೊಂದು ವರ್ಷದಲ್ಲಿ ಆ ಮನೆಯ ಹಿತ್ತಲ ಹೊಸ್ತಿಲು ದಾಟಿ ಒಳಗೆ ಕಾಲಿಟ್ಟ ಸೊಸೆ ಹದಿನಾಲ್ವರಲ್ಲಿ ಒಬ್ಬಳೂ ಇರಲಿಲ್ಲ. ದೇವಕ್ಕ ನಗಲು ಹೋಗಿ ಕೆಮ್ಮಿದಳು, ಕೆಮ್ಮು ನಿಲ್ಲಲಿಲ್ಲ, ನಗೆ ಎಲ್ಲರದೂ ನಿಂತಿತು. ಅಧಿಕಾರಿಗೆ ಬೇಕಾಗಿದ್ದದ್ದು ಒಂದು ನೆವ. ಅದನ್ನು ಕೊಟ್ಟದ್ದು ತನ್ನ ಬಾಯಿ ಎಂದುಕೊಂಡು ಪದ್ಮವ್ವ ಉಂಡಿ ಬಿಡಿಸುತ್ತ ಕೂತಳು. ಅವಳ ಅವ್ವ ಕೊಟ್ಟ ಕೊಡೆ ಹದಿನಾಲ್ಕು ಜನರನ್ನು ಮುಚ್ಚಿಹಾಕಿತ್ತು.

ದೀಪಾವಳಿ ಕಳೆದು ಹದಿನೈದು ದಿನಕ್ಕೆ ವೀರಪ್ಪ ಅವಳನ್ನು ಕಚೇರಿಗೆ ಕರೆದ.

ವೀರಪ್ಪ ಕೆಟ್ಟವನೇನೂ ಅಲ್ಲ. ಈ ಮಾತು ಪದ್ಮವ್ವನೇ ಎಷ್ಟೋ ಸಲ ಹೇಳಿದ್ದಾಳೆ. ಅಪ್ಪನ ಹೊಲ ಅಣ್ಣತಮ್ಮಂದಿರ ಪಾಲಿಗೆ ಹರಿದು ಹಂಚಿಹೋದ ಮೇಲೆ ಆತ ಸೈಕಲ್ಲಿಗೆ ಸ್ಟೀಲಿನ ಬಟ್ಟಲು ಕಟ್ಟಿಕೊಂಡು ಓಣಿ ಓಣಿ ಕೂದಲು ಕೇಳಿದವನು. ಸಾವಕಾರರ ಮಗ ಹೆಂಗಸರ ಹಣಿಗೆ ಜಾಡಿಸುತ್ತಾನೆಂದು ನೆಂಟರು ಆಡಿಕೊಂಡಿದ್ದರು. ಯಾರಾದರೂ ಸತ್ತರೆ ಮಣ್ಣಿಗೆ ಬರುತ್ತಿದ್ದ, ಲಗ್ನಕ್ಕೆ ಸೀರೆ ಕಳಿಸುತ್ತಿದ್ದ. ಕೊಡುವಾಗ ಅವನ ಕೈ ದೊಡ್ಡದು. ಕೇಳಿದಾಗ ಮಾತ್ರ ಅದು ಮುಷ್ಟಿಯಾಗುತ್ತಿತ್ತು. ತಾನಾಗಿ ಕೊಟ್ಟದ್ದು ದಾನ, ಕೇಳಿ ಪಡೆದದ್ದು ಕಳವು ಎಂದು ಆತ ಮನಸ್ಸಿನಲ್ಲಿ ನಂಬಿದ್ದ. ಅವನಂಥವರು ನಮ್ಮ ನಾಲ್ಕು ತಾಲೂಕಿನಲ್ಲಿ ತುಂಬ ಜನ ಇದ್ದಾರೆ. ಅವರನ್ನು ಒಳ್ಳೆಯವರು ಎಂದೇ ಕರೆಯುವುದು ರೂಢಿ.

ಲಿನ್ ಬಾಯಿ ಮತ್ತೆ ಬರುತ್ತಿದ್ದಾಳೆ ಎಂದು ವೀರಪ್ಪ ತಿಳಿಸಿದ. ಹೋದ ಸಲದ ಬರಹ ಅಲ್ಲಿ ಬಹಳ ಮಂದಿಗೆ ಮೆಚ್ಚುಗೆಯಾಗಿ, ಮಾಲು ಕೊಳ್ಳುವ ಕಂಪನಿಯವರು ಡಬ್ಬಿಯ ಮೇಲೆ ಒಂದೇ ಮನೆತನದ ಕೈಕೆಲಸ ಎಂದು ಅಚ್ಚು ಹಾಕಿಸುತ್ತಿದ್ದಾರಂತೆ. ಆ ಮನೆತನ ಈಗ ಹೇಗಿದೆ ಎಂದು ಇನ್ನೊಂದು ಬರೆಯಲು ಪತ್ರಿಕೆಯೇ ಕಳಿಸುತ್ತಿದೆಯಂತೆ. ರಾಚವ್ವ ಹದಿಮೂರು ಜನಕ್ಕೂ ಸೀರೆ ತೆಗೆದಿಟ್ಟಿದ್ದಾಳೆ, ದೇವಕ್ಕ ಅವತ್ತು ಬರುವುದು ಬೇಡ, ಕೆಮ್ಮು ಚೆನ್ನಾಗಿ ಕಾಣುವುದಿಲ್ಲ ಎಂದ.

"ಹೊಸಾದೇನೂ ಹೇಳಂತ ನಾ ಅನ್ನಾಕತ್ತಿಲ್ಲ ಪದ್ಮವ್ವ. ಹೋದ ಸಲ ನಿನ್ನ ಬಾಯಿಲೆ ನೀನ ಏನ್ ಹೇಳಿದಿ, ಅದನ್ನ ಹೇಳು. ಅಷ್ಟ."

ಪದ್ಮವ್ವ ನೆಲ ನೋಡುತ್ತ ಕೇಳಿದಳು: "ದೇವಕ್ಕನ ಕಾರ್ಡ್ರಿ?"

"ಕಾರ್ಡ್ ಯಾಕ ಬೇಕು? ನಾ ಸತ್ತೇನೇನು?" ವೀರಪ್ಪನ ದನಿಯಲ್ಲಿ ಸಿಟ್ಟಿಗಿಂತ ನೋವೇ ಹೆಚ್ಚಿತ್ತು. ಮೇಜಿನ ಖಾನೆಯಿಂದ ಒಂದು ಪೊಟ್ಟಣ ತೆಗೆದು ಮುಂದಿಟ್ಟ. ಬಾಯಿಗೆ ಹಿಡಿದು ಎಳೆದುಕೊಳ್ಳುವ ದಮ್ಮಿನ ಔಷಧ. ಆತನೇ ಬೈಲಹೊಂಗಲಕ್ಕೆ ಹೋದಾಗ ಕೊಂಡು ತಂದದ್ದು. ಇದು ಮುಗಿದರೆ ಇನ್ನೊಂದು ತರುತ್ತೇನೆ, ಅದೂ ಮುಗಿದರೆ ಮತ್ತೊಂದು ಎಂದ. ಶೆಡ್ಡು ಇದ್ದರೆ ತಾನೆ ಎಲ್ಲ, ಮನೆತನದ ಮಾತು ಸುಳ್ಳಾದರೆ ಕಂಪನಿ ಬೇರೆ ಊರು ನೋಡಿಕೊಳ್ಳುತ್ತದೆ, ಹದಿನಾಲ್ಕು ಒಲೆ ಆರುತ್ತವೆ, ಯೋಚನೆ ಮಾಡು ಎಂದ.

ಯೋಚನೆ ಮಾಡುತ್ತಲೇ ಅವಳು ದೇವಕ್ಕನ ಮನೆಗೆ ಹೋದಳು. ದೇವಕ್ಕ ಬಾಗಿಲಿಗೆ ಬೆನ್ನು ಕೊಟ್ಟು ಕೂತಿದ್ದಳು. ಔಷಧ ಎಳೆದುಕೊಂಡಳು. ಸ್ವಲ್ಪ ಹೊತ್ತಿಗೆ ಉಸಿರು ಸಡಿಲಾಯಿತು, ಮುಖಕ್ಕೆ ಬಣ್ಣ ಬಂತು. ಒಂದು ಸುಳ್ಳಿಗೆ ಇಷ್ಟು ಉಸಿರು ಸಿಗುವುದಾದರೆ ಹೇಳಿದರೇನು ಎಂದು ಪದ್ಮವ್ವನಿಗೆ ಅನಿಸಿತು. ಇರುವ ಮಾತೆಲ್ಲ ಬಿಚ್ಚಿಟ್ಟು, ನಾನು ಏನು ಮಾಡಲಿ ಎಂದು ಕೇಳಿದಳು.

ದೇವಕ್ಕ ಪೊಟ್ಟಣವನ್ನು ಮಡಿಲಲ್ಲಿ ಇಟ್ಟುಕೊಂಡಳು. "ನನ್ನ ಕೇಳಬ್ಯಾಡ ಪದ್ದಿ. ನಾ ಹೆದರಾಕಿ. ಕೇಳಿದ್ರ ಸಾವಕಾರ ಹೇಳಿದಂಗ ಹೇಳಿಬಿಡು ಅಂತೇನಿ. ಅದಕ್ಕ ಕೇಳಬ್ಯಾಡ."

ಭೀಮಶಿಯನ್ನೂ ಅವಳು ಕೇಳಿದಳು. ಸರಕಾರಿ ಪತ್ರಿಕೆ ಎಂದರೆ ಯಾವ ದೇಶದ್ದಾದರೂ ತನ್ನ ಮನಸ್ಸಿಗೆ ಬಂದದ್ದನ್ನೇ ಬರೆಯುತ್ತದೆ, ನೀನು ನಿಜ ಹೇಳಿದರೂ ಅಚ್ಚಾಗುತ್ತದೆ ಎಂಬ ಭರವಸೆ ನನಗಿಲ್ಲ ಎಂದ. ಹಾಗಾದರೆ ಹೇಳಿ ಏನು ಫಲ ಎಂದಳು. ಭೀಮಶಿ ಸೂಜಿಗೆ ದಾರ ಏರಿಸುತ್ತ, ಅಚ್ಚು ಹಾಕುವುದು ಬಿಡುವುದು ಅವರ ಕೆಲಸ, ಹೇಳುವುದು ಬಿಡುವುದು ನಿನ್ನದು ಎಂದನಷ್ಟೆ. ಅವನಿಗೆ ಸಿಟ್ಟು ಬರಲಿ, ಮೇಜು ಗುದ್ದಿ ಹೇಳಲೇಬೇಕು ಎನ್ನಲಿ ಎಂದು ಅವಳಿಗೆ ಆಸೆಯಿತ್ತು. ಅಂದಿದ್ದರೆ ತಪ್ಪು ಅವನ ಮೇಲೆ ಹಾಕಬಹುದಿತ್ತು.

ಲಿನ್ ಬಾಯಿ ಬರುವ ಹಿಂದಿನ ದಿನ ಮಧ್ಯಾಹ್ನ ರಾಚವ್ವ ತಾನೇ ಸೀರೆಗಳ ಗಂಟು ಹೊತ್ತು ಶೆಡ್ಡಿಗೆ ಬಂದಳು. ಅಂಥದು ಎಂದೂ ಆಗಿರಲಿಲ್ಲ. ಕೂದಲ ರಾಶಿಯ ಪಕ್ಕ ಮಣೆ ಎಳೆದುಕೊಂಡು ಕೂತು ಒಂದೊಂದೇ ಸೀರೆ ಕೊಟ್ಟಳು, ಎಲ್ಲವೂ ಒಂದೇ ಬಣ್ಣದವು, ಹಸಿರು ಅಂಚಿನವು. ನಾಳೆ ಪಡಸಾಲೆಯಲ್ಲೇ ಕೂಡಬೇಕು, ಊಟವೂ ಒಳಗೇ, ಲಿನ್ ಬಾಯಿ ನೋಡುತ್ತಾಳೆ ಎಂದಳು. ಮರೆವ್ವ ಸೀರೆ ಮೂಸಿ ನೋಡಿ, ನಾಳೆ ಉಟ್ಟದ್ದನ್ನು ನಾಡಿದ್ದು ತಿರುಗಿ ಕೊಡಬೇಕೋ, ಸೊಸೆತನ ಎಷ್ಟು ದಿನದ್ದು ಎಂದು ಕೇಳಿದಳು. ರಾಚವ್ವ ಸಿಟ್ಟಾಗಲಿಲ್ಲ. ಪದ್ಮವ್ವನ ಕಡೆ ತಿರುಗಿದಳು.

"ನಾ ಈ ಮನಿಗಿ ಲಗ್ನಾಗಿ ನಡ್ಯಾಕ ಬಂದು ಇಪ್ಪತ್ತೆರಡು ವರ್ಷಾತು. ಆ ಪೇಪರಿನ್ಯಾಗ ನನ್ನ ಹೆಸರು ಎಲ್ಲೂ ಇಲ್ಲ. ನಿಂದೈತಿ. ಸೊಸಿ ನಾನೋ ನೀನೋ?"

ನಗುತ್ತಲೇ ಅಂದಳು. ಆದರೆ ಎದ್ದು ಹೋಗುವಾಗ ಹಿಂದಿರುಗಿ ನೋಡಲಿಲ್ಲ.

ಮರುದಿನ ಹನ್ನೊಂದರ ಹೊತ್ತಿಗೆ ಕಾರು ಬಂತು. ಹಸಿರು ಅಂಚಿನ ಹದಿಮೂರು ಹೆಂಗಸರು ಪಡಸಾಲೆಯ ಜಮಖಾನದ ಮೇಲೆ ಸಾಲಾಗಿ ಕೂತಿದ್ದರು. ಯಾರ ಬೆನ್ನೂ ಗೋಡೆಗೆ ತಾಗಿರಲಿಲ್ಲ. ತಾಗಬಾರದೆಂದು ಯಾರೂ ಹೇಳಿರಲಿಲ್ಲ. ಲಿನ್ ಬಾಯಿ ಹೇಳಿಸಿಕೊಳ್ಳದೆ ಬೂಟು ಕಳಚಿ ಒಳಗೆ ಬಂದಳು. ಒಬ್ಬೊಬ್ಬರ ಕೈ ಹಿಡಿದು ಮಾತಾಡಿಸಿದಳು. ಒಬ್ಬಾಕೆ ಕಡಿಮೆ ಇದ್ದಾರಲ್ಲ ಎಂದು ಎಣಿಸಿ ಕೇಳಿದಳು. ಊರಿಗೆ ಹೋಗಿದ್ದಾಳೆ ಎಂದು ವೀರಪ್ಪ ಹೇಳಿಸಿದ. ಕುರ್ಚಿ ತಂದಿಟ್ಟರೆ ಬೇಡವೆಂದು ಪದ್ಮವ್ವನ ಎದುರಿಗೆ ನೆಲದ ಮೇಲೆ ಕೂತಳು. ಪ್ಲಾಸ್ಟಿಕ್ ಹಾಳೆಯೊಳಗಿಟ್ಟ ಆ ಒಂಬತ್ತನೆಯ ಪುಟವನ್ನು ಎರಡೂ ಕೈಯಿಂದ ಅವಳಿಗೆ ಕೊಟ್ಟಳು. ಅಷ್ಟು ದೂರದಿಂದ ಜೋಪಾನ ಮಾಡಿ ತಂದಿದ್ದಳು. ಅದನ್ನು ಕೊಡುವಾಗ ಆ ಹುಡುಗಿಯ ಮುಖದಲ್ಲಿದ್ದ ಸಂತೋಷ ನೋಡಿ, ಇದನ್ನು ಕೆಡಿಸಬೇಕಲ್ಲ ಎಂದು ಪದ್ಮವ್ವನಿಗೆ ಮರುಕವಾಯಿತು.

ಲಿನ್ ಬಾಯಿ ನೋಟುಬುಕ್ಕು ತೆಗೆದಳು. ಫೋಟೊ ಬಂದವರ ಹೆಸರನ್ನು ಎರಡನೆಯ ಸಲವೂ ಅವರ ಬಾಯಿಂದಲೇ ಕೇಳಿ ಬರೆದುಕೊಳ್ಳುವುದು ತಮ್ಮಲ್ಲಿ ನೇಮ ಎಂದು ಗೌರೀಶ ದಾಟಿಸಿದ. ಪೂರ್ತಿ ಹೆಸರು ಹೇಳಬೇಕಂತೆ.

ಪದ್ಮವ್ವನ ನಾಲಗೆಯ ತುದಿಗೆ ಮೊದಲು ಬಂದದ್ದು ಆ ಹಳೆಯ ಹೆಸರೇ. ಅದನ್ನು ಅವಳು ಉಗುಳಿನ ಜೊತೆ ಹಿಂದಕ್ಕೆ ನುಂಗಿದಳು.

"ಪದ್ಮವ್ವ ಮೇತ್ರಿ. ಹೋದ ಸಲ ನಾ ತಪ್ಪ ಹೇಳಿದೆ. ನಾ ಈ ಮನಿ ಸೊಸಿ ಅಲ್ಲ, ಹಿಂದಿನ ಶೆಡ್ಡಿನ ಕೂಲಿ. ಹನ್ನೊಂದು ವರ್ಷಾತು."

ಗೌರೀಶ ಕಾಕಾನ ಕಡೆ ನೋಡಿದ. ಆಮೇಲೆ ಗಡಿಬಿಡಿಯಿಂದ ಇಂಗ್ಲಿಷಿನಲ್ಲಿ ಏನೋ ಹೇಳಿದ. ಪದ್ಮವ್ವನಿಗೆ ಇಂಗ್ಲಿಷ್ ಬಾರದು. ಆದರೆ ಆ ಮಾತಿನ ನಡುವೆ ಹಂಚಿನಾಳ ಎಂದದ್ದು ಅವಳ ಕಿವಿಗೆ ಸ್ಪಷ್ಟವಾಗಿ ಬಿತ್ತು. ಲಿನ್ ಬಾಯಿಯ ಪೆನ್ನು ಕಾಗದ ಮುಟ್ಟುವುದರೊಳಗೆ ಅವಳು ಕೈ ಚಾಚಿ ಆ ಪೆನ್ನಿನ ಮೇಲೆ ಅಂಗೈ ಇಟ್ಟಳು. ಇಲ್ಲವೆಂದು ತಲೆ ಅಲ್ಲಾಡಿಸಿದಳು.

ಲಿನ್ ಬಾಯಿ ಆ ಕೈ ನೋಡಿದಳು. ಬೆರಳ ಸಂದಿಯ ಗೀರುಗಳನ್ನು ನೋಡಿದಳು. ರಾಚವ್ವ ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದಳು, ಗೀರಿಲ್ಲದ ಅವಳ ಕೈಯನ್ನೂ ಲಿನ್ ಬಾಯಿ ಒಮ್ಮೆ ನೋಡಿದಳು. ಗೌರೀಶನನ್ನು ಏನೋ ಕೇಳಿದಳು, ಅವನು ಮತ್ತೆ ಕಾಕಾನ ಕಡೆ ತಿರುಗಿದ. ಆಗ ಚೀಲದಿಂದ ಫೋನು ತೆಗೆದು, ಕನ್ನಡ ಎಂಬ ಅಕ್ಷರ ಹುಡುಕಿ ಒತ್ತಿ, ಪದ್ಮವ್ವನ ಬಾಯಿಯ ಹತ್ತಿರ ಹಿಡಿದಳು.

ಪದ್ಮವ್ವ ಅದೇ ಮಾತನ್ನು ಮೊದಲಿನಿಂದ ಹೇಳಿದಳು, ನಿಧಾನವಾಗಿ, ಬಳಗದಲ್ಲಿ ತಿರುಗಿ ಹೇಳುವಾಗ ಹೇಳುವ ಹಾಗೆ. ದೇವಕ್ಕ ಊರಿಗೆ ಹೋಗಿಲ್ಲ, ಕೆಮ್ಮಿನಿಂದ ಮನೆಯಲ್ಲಿ ಬಿದ್ದಿದ್ದಾಳೆ ಎಂದಳು. ನಿಮ್ಮ ಪೇಪರ್ ತೋರಿಸಿ ನಮ್ಮ ಹೆಸರು ಹೊಡೆದುಹಾಕಿದರು ಎಂದಳು. ತಪ್ಪು ನಿನ್ನದಲ್ಲವ್ವ, ನಾನು ಹೇಳಿದ್ದು ನೀನು ಬರೆದೆ ಎಂದೂ ಹೇಳಿದಳು. ಫೋನು ಹೆಣ್ಣಿನ ದನಿಯಲ್ಲಿ ಚೀನಿ ಮಾತಾಡಿತು. ಲಿನ್ ಬಾಯಿಯ ಮುಖ ನೋಡನೋಡುತ್ತಿದ್ದಂತೆ ಬಿಳುಚಿತು. ಕೈಯಲ್ಲಿದ್ದ ನೋಟುಬುಕ್ಕಿನ ಹಾಳೆ ಮಗುಚಿ, ಹೊಸ ಹಾಳೆಯ ತಲೆಯಲ್ಲಿ ಬರೆಯತೊಡಗಿದಳು. ಒಂದಕ್ಷರ ಬರೆದು ಮುಖ ಎತ್ತಿ, ಮೇ? ಎಂದು ಕೇಳಿದಳು. ಪದ್ಮವ್ವ ಹೌದೆಂದು ಗೋಣು ಹಾಕಿದಳು. ಇನ್ನೊಂದು ಬರೆದಳು. ತ್ರಿ? ಹೌದು.

ವೀರಪ್ಪ ಮೊದಲು ನಕ್ಕ. ಬಿಸಿಲಿಗೆ ತಲೆ ಕೆಟ್ಟಿದೆ ಎಂದು ಹೇಳು ಎಂದು ಗೌರೀಶನಿಗೆ ಅಂದ. ಗೌರೀಶ ತನ್ನ ಕಾಲ ಬೆರಳು ನೋಡುತ್ತ ಕೂತ. ಆಗ ವೀರಪ್ಪ ಎದ್ದು ನಿಂತ. ದನಿ ಏರಿಸಲಿಲ್ಲ. ಅವನ ಅಪ್ಪನೂ ಹೊಲದ ಬದುವಿನ ಮೇಲೆ ನಿಂತು ಇದೇ ದನಿಯಲ್ಲಿ ಹೇಳುತ್ತಿದ್ದ, ಅದು ಪದ್ಮವ್ವನ ಅವ್ವನ ಬೆನ್ನಿಗೆ ಗೊತ್ತಿದ್ದ ದನಿ.

"ಸಾಕು. ಎದ್ದು ಶೆಡ್ಡಿಗಿ ನಡಿ, ಪದ್ಮವ್ವ."

ಸಾಲಿನಲ್ಲಿ ಎರಡು ಮೂರು ಸೀರೆಗಳು ಏಳಲೆಂದು ಸರಪರ ಎಂದವು. ಪದ್ಮವ್ವನ ಮೊಣಕಾಲೂ ಮಾತು ಕೇಳಿ ಏಳಹೊರಟಿತು. ಅವಳು ಎರಡೂ ಕೈಯಿಂದ ಅದನ್ನು ಜಮಖಾನಕ್ಕೆ ಒತ್ತಿ ಹಿಡಿದಳು. ಬೆನ್ನನ್ನು ಹಿಂದಕ್ಕೆ ತಂದು ಗೋಡೆಗೆ ಒರಗಿಸಿದಳು.

"ಏಳಂಗಿಲ್ರಿ, ಸಾವಕಾರ್ರ" ಎಂದಳು. "ಬಾಯಾರು ಬರಿಯೂದು ಇನ್ನಾ ಮುಗಿದಿಲ್ಲ. ಹದಿಮೂರು ಹೆಸರು ಉಳದಾವ."